ಜರ್ಮನಿಗೆ ಹೋದ ಮ್ಯಾಲೆ ಪಾರ್ಟ್‌ಟೈಮ್ ಇಂಗ್ಲಿಷ್ ಕಲಿಸೂ ಕೆಲಸ: ಇಲ್ಲಿಂದನ ಏನೇನು ತಯಾರಿ?

ಸಪ್ತಾಪುರ_ಟ್ಯೂಷನ್ (ಧಾರವಾಡ):
ನಮಸ್ಕಾರ್ರೀ. ನಮ್ಮನಿಯವರಿಗೆ ಜರ್ಮನಿಯೊಳಗ ಬ್ಲೂ ಕಾರ್ಡ್ (ಡಿಗ್ರಿ ಓದಿದ ಹೊರದೇಶದವರಿಗೆ ಕೊಡೂ ಕೆಲಸದ ಪರವಾನಗಿ) ಮ್ಯಾಲೆ ಕೆಲಸ ಆಗೇದ. ಮೂರು ತಿಂಗಳೊಳಗ ನಾನೂ ಫ್ಯಾಮಿಲಿ ವೀಸಾ ಮ್ಯಾಲೆ ಹೋಗಾಕಿ. ಕರ್ನಾಟಕ ವಿ.ವಿ. ಎಂ.ಎ. ಇಂಗ್ಲಿಷ್, ಬಿ.ಎಡ್. ಅದ. ಪಿಯುಸಿಗೆ, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಲಿಸಿದ್ದು ಆರು ವರ್ಷ. ಜರ್ಮನ್ ಎ1, ಅಂದ್ರ ಮೊದಲನೇ ಹಂತ ಅಷ್ಟ. ಅಲ್ಲಿ ವಾರಕ್ಕ ನಾಕೈದು ತಾಸಿನ ಕೆಲಸ ಸಿಗತದೇನು? ಯಾರನ್ನ ಕೇಳಬೇಕು? ಟೆಫಲ್ (ಹೊರದೇಶದವರಿಗೆ ಇಂಗ್ಲಿಷ್ ಕಲಿಸೂ ತರಬೇತಿ) ಕೋರ್ಸ್ ಬೇಕೇ ಬೇಕು ಅಂತಾರ ಒಬ್ಬರು, ರೊಕ್ಕ ದಂಡ ಅಂತಾರ ಇನ್ನೊಬ್ಬರು.

ಹಾವೇರಿ_ಏಲಕ್ಕಿ:
ಅಕ್ಕಾರ, ಮೊದಲು ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಚೀಟಿಯ ಕೆಳಗಿನ ಸಾಲು ಓದಿ. ‘ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್ಲೌಬ್ಟ್’ ಎಂದಿದ್ದರೆ ನೌಕರಿ, ಸ್ವಂತ ಉದ್ಯೋಗ ಎರಡೂ ನಡೆಯುತ್ತದೆ. ಬ್ಲೂ ಕಾರ್ಡಿನವರ ಗಂಡ-ಹೆಂಡತಿಗೆ ಸಾಮಾನ್ಯವಾಗಿ ಬರುವುದು ಇದೇ. ಬರೀ ‘ಬೆಶೆಫ್ಟಿಗುಂಗ್’ ಎಂದಿದ್ದರೆ ನೌಕರಿಗೆ ಮಾತ್ರ. ಇಂಗ್ಲಿಷ್ ಕಲಿಸುವ ಪಾರ್ಟ್‌ಟೈಮ್ ಕೆಲಸ ಹೆಚ್ಚಾಗಿ ತಾಸಿನ ಲೆಕ್ಕದ ಗುತ್ತಿಗೆ, ಅಂದರೆ ಸ್ವಂತ ಉದ್ಯೋಗ. ಹಾಗಾಗಿ ಆ ಒಂದು ಶಬ್ದ ನೋಡದೆ ಮುಂದೆ ಹೋಗಬೇಡಿ.

ತಟ್ಟಬೇಕಾದ ಮೊದಲ ಬಾಗಿಲು ಫೋಕ್ಸ್‌ಹೋಕ್‌ಶೂಲೆ. ಊರೂರಿಗೂ ಇರುವ ವಯಸ್ಕರ ಶಿಕ್ಷಣ ಕೇಂದ್ರ ಅದು, ಸಂಜೆ ಕ್ಲಾಸು ಜಾಸ್ತಿ. ವರ್ಷಕ್ಕೆ ಎರಡು ಸೆಮಿಸ್ಟರ್: ಫೆಬ್ರುವರಿ-ಮಾರ್ಚಿಗೊಂದು, ಸೆಪ್ಟೆಂಬರ್-ಅಕ್ಟೋಬರಿಗೊಂದು. ಕೋರ್ಸ್ ಪಟ್ಟಿ ತಿಂಗಳುಗಟ್ಟಲೆ ಮೊದಲೇ ನಿಶ್ಚಯವಾಗುವುದರಿಂದ ಹೋಗಿ ಇಳಿದ ಮೇಲೆ ಬರೆದರೆ ಒಂದು ಸೆಮಿಸ್ಟರ್ ಹೋದಂತೆಯೇ. ಈಗಲೇ ಮೇಲ್ ಹಾಕಿ. ಆಫೀಸಿನ ಸಾಮಾನ್ಯ ವಿಳಾಸಕ್ಕಲ್ಲ, ಇಂಗ್ಲಿಷ್ ವಿಭಾಗ ನೋಡಿಕೊಳ್ಳುವವರಿಗೆ. ಒಂದೇ ಪುಟದ ಬಯೋಡೇಟಾ ಸಾಕು. ಎ1ರಿಂದ ಬಿ2ವರೆಗೆ ಯಾವ ಹಂತ ಕಲಿಸಬಲ್ಲಿರಿ, ಯಾವ ಸಂಜೆ ಬಿಡುವು ಅಂತ ಅದರಲ್ಲೇ ಬರೆಯಿರಿ. ‘ಬದಲಿ ಶಿಕ್ಷಕರ ಪಟ್ಟಿಗೆ ಸೇರಿಸಿಕೊಳ್ಳಿ’ ಎಂಬ ಸಾಲನ್ನು ಮರೆಯಬೇಡಿ. ಸೆಮಿಸ್ಟರ್ ನಡುವೆ ಯಾರಾದರೂ ಹುಷಾರಿಲ್ಲದೆ ಮಲಗಿದಾಗ ಕರೆ ಬರುವುದು ಆ ಪಟ್ಟಿಯಿಂದಲೇ.

ಟೆಫಲ್ ವಿಚಾರ: ಬಿ.ಎಡ್. ಮತ್ತು ಆರು ವರ್ಷದ ಅನುಭವಕ್ಕೆ 120 ತಾಸಿನ ಆನ್‌ಲೈನ್ ಸರ್ಟಿಫಿಕೇಟ್ ಹೆಚ್ಚೇನೂ ಸೇರಿಸುವುದಿಲ್ಲ. ಕೇಂಬ್ರಿಜ್‌ನ ಸೆಲ್ಟಾ ಎಂಬ ಶಿಕ್ಷಕರ ತರಬೇತಿ ಬೇರೆ ಮಾತು. ಅದರಲ್ಲಿ ಪರೀಕ್ಷಕರ ಕಣ್ಣೆದುರು ದೊಡ್ಡವರಿಗೆ ಆರು ತಾಸು ಪಾಠ ಮಾಡಬೇಕು. ನಿಮ್ಮ ಬಯೋಡೇಟಾದಲ್ಲಿ ಕಡಿಮೆ ಇರುವುದು ಅದೇ, ದೊಡ್ಡವರಿಗೆ ಕಲಿಸಿದ್ದು. ಖರ್ಚು ದೊಡ್ಡದು, ಒಂದು ಸೆಮಿಸ್ಟರ್ ನೋಡಿ ಆಮೇಲೆ ಯೋಚಿಸಿದರಾಯಿತು.

ಬೆಟಗೇರಿ_ಲೆಕ್ಕ:
ಕೆಲಸ ಸಿಗೂದು ಕಷ್ಟ ಅಲ್ರೀ, ಸಿಕ್ಕ ಮ್ಯಾಲಿನ ಲೆಕ್ಕ ಕಷ್ಟ. ಅಂಕಿ ಎಲ್ಲಾ 2025ರವು, ವರ್ಷಾ ಬದಲಾಗತಾವ.

ಯಜಮಾನ್ರು ಸರಕಾರಿ ಪದ್ಧತಿಯ ಆರೋಗ್ಯ ವಿಮೆಯೊಳಗ ಇದ್ರ ನೀವು ಅದರಾಗ ಪುಕ್ಕಟೆ ಸೇರತೀರಿ. ನಿಮ್ಮ ಗಳಿಕೆ, ಖರ್ಚು ಕಳೆದು, ತಿಂಗಳಿಗೆ 535 ಯೂರೋ ದಾಟಬಾರದು. ದಾಟಿದ್ರ ಸ್ವಂತ ವಿಮೆ, ಅದು ತಿಂಗಳಿಗೆ 200 ಯೂರೋ ಮೀರತದ. 560 ಗಳಿಸಿ 200 ಕಟ್ಟಾಕಿಂತ 500 ಗಳಿಸೂದ ಶಾಣೇತನ. ಅವರು ಪ್ರೈವೇಟ್ ವಿಮೆ ತಗೊಂಡ್ರಂತೂ ಈ ಪುಕ್ಕಟೆ ಸವಲತ್ತು ಇಲ್ಲವ ಇಲ್ಲ. ಅವರು ಸಹಿ ಮಾಡೂಕಿಂತ ಮೊದಲ ಇದನ್ನ ಮಾತಾಡ್ರಿ.

ಎರಡನೇದು ಪಿಂಚಣಿ. ಸ್ವಂತವಾಗಿ ಕಲಿಸೂ ಶಿಕ್ಷಕರಿಗೆ ಅಲ್ಲಿ ಪಿಂಚಣಿ ವಿಮೆ ಕಡ್ಡಾಯ. ಲಾಭ ತಿಂಗಳಿಗೆ 556 ಯೂರೋ ದಾಟಿದ್ರ 18.6%, ಪೂರಾ ನಿಮ್ಮ ಕಿಸೆಯಿಂದ. ಕೆಲಸ ಚಾಲೂ ಆದ ಮೂರು ತಿಂಗಳೊಳಗ ನೀವಾಗೇ ತಿಳಿಸಬೇಕು. ಯಾರೂ ಕೇಳಲಿಲ್ಲ ಅಂತ ಸುಮ್ನ ಕೂತ್ರ ಹಳೇ ವರ್ಷದ್ದೂ ಸೇರಿ ವಸೂಲಿ.

ಈಗ ಛಲೋ ಸುದ್ದಿ. ಸರಕಾರಿ ಅಥವಾ ಲಾಭದ ಉದ್ದೇಶ ಇಲ್ಲದ ಸಂಸ್ಥೆಯೊಳಗ ಅರೆಕಾಲಿಕ ಕಲಿಸಿದ್ರ ವರ್ಷಕ್ಕ 3,000 ಯೂರೋ ತನಕ ತೆರಿಗೆ ಇಲ್ಲ, ‘ಊಬುಂಗ್ಸ್‌ಲೈಟರ್‌ಪೌಶಾಲೆ’ ಅಂತಾರ. ಗೃಹಿಣಿಯರಿಗೂ ನಡೀತದ. 45 ನಿಮಿಷದ ಒಂದು ಪಾಠಕ್ಕ 25 ಯೂರೋ ಹಿಡೀರಿ: ವಾರಕ್ಕ 4 ಪಾಠ, ವರ್ಷಕ್ಕ 30 ವಾರ, ಬರೋಬ್ಬರಿ 3,000. ಅಂದ್ರ ವಾರಕ್ಕ ಮೂರು ತಾಸು, ನೀವು ಕೇಳಿದ್ದಕ್ಕಿಂತ ಸ್ವಲ್ಪ ಕಮ್ಮಿ. ಪ್ರೈವೇಟ್ ಭಾಷಾ ಶಾಲೆಗೆ ಈ ರಿಯಾಯಿತಿ ಸಿಗೂದಿಲ್ಲ.

ತಯಾರಿ ಮಾಡೂ ಹೊತ್ತಿಗೆ, ಸೂಟಿ ದಿನಕ್ಕ ರೊಕ್ಕ ಇಲ್ಲ. ಮಂದಿ ಕಮ್ಮಿ ಬಿದ್ದು ಕೋರ್ಸ್ ರದ್ದಾದ್ರ ಏನೂ ಇಲ್ಲ. ತೆರಿಗೆ ನಂಬರಿಗೆ ಅಲ್ಲಿನ ತೆರಿಗೆ ಇಲಾಖೆಯ ‘ಎಲ್ಸ್ಟರ್’ ಪೋರ್ಟಲಿನಾಗ ಫಾರ್ಮ್ ತುಂಬಬೇಕು. ಲಾಗಿನ್ ಕೋಡ್ ಟಪಾಲಿನಾಗ ಬರತದ, ತಡ ಆಗತದ, ಲಗೂನ ಶುರು ಮಾಡ್ರಿ. ಮನಿಗೆ ತಾನಾಗೇ ಬರೂ 11 ಅಂಕಿಯ ತೆರಿಗೆ ಐಡಿ ಬೇರೆ, ಈ ನಂಬರ್ ಬೇರೆ.

ಸಪ್ತಾಪುರ_ಟ್ಯೂಷನ್:
ಭಾಳ ಉಪಕಾರ ಆತ್ರೀ. ಇಲ್ಲಿನ ಹುಡುಗರಿಗೆ ಅಲ್ಲಿಂದನ ಆನ್‌ಲೈನ್ ಹೇಳಿಕೊಟ್ಟು, ಫೀ ಇಲ್ಲಿನ ಖಾತೆಗೆ ಹಾಕಿಸಿಕೊಂಡ್ರ? ಮತ್ತ ಡೆಮೊ ಕ್ಲಾಸ್ ಹೆಂಗಿರತದ?

ಬೆಟಗೇರಿ_ಲೆಕ್ಕ:
ರೂಪಾಯಿ ಯಾವ ಖಾತೆಗೆ ಬಂದ್ರೂ ಕುಂತು ಕಲಿಸಿದ್ದು ಜರ್ಮನಿಯೊಳಗ, ಅಲ್ಲೇ ತೋರಿಸಬೇಕು. 535ರ ಲೆಕ್ಕದಾಗೂ ಅದು ಬರತದ.

ಮಾಳಮಡ್ಡಿ_ಗ್ರಾಮರ್:
ಡೆಮೊದಲ್ಲಿ ಪಿಯುಸಿ ಕ್ಲಾಸಿನ ರೂಢಿ ಮುಳುವಾಗುತ್ತದೆ. ಬೋರ್ಡಿಗೆ ಮುಖ ಮಾಡಿ ನಿಯಮ ಬರೆಸುತ್ತ ಹೋದರೆ ಹತ್ತು ನಿಮಿಷಕ್ಕೇ ತೀರ್ಮಾನ ಆಗಿಬಿಡುತ್ತದೆ. 45 ನಿಮಿಷದಲ್ಲಿ ನಿಮ್ಮ ಮಾತು 15 ದಾಟಬಾರದು, ಉಳಿದದ್ದು ಕಲಿಯುವವರು ಜೋಡಿ ಜೋಡಿಯಾಗಿ ಮಾತಾಡುವುದು.

ಇನ್ನೊಂದು ಸೂಕ್ಷ್ಮ. ಜರ್ಮನ್ನರು ‘ಐ ಲಿವ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಅನ್ನುತ್ತಾರೆ. ಕಾರಣ, ಅವರ ಭಾಷೆಯಲ್ಲೂ ನಮ್ಮ ‘ಮೂರು ವರ್ಷದಿಂದ ಇಲ್ಲಿದ್ದೇನೆ’ ಹಾಗೆ ವರ್ತಮಾನವೇ ನಡೆಯುತ್ತದೆ. ಒಂದೇ ತಪ್ಪು ಇಬ್ಬರದೂ, ಹಾಗಾಗಿ ನಮ್ಮ ಕಿವಿಗೆ ಅದು ತಪ್ಪೆಂದು ಕೇಳಿಸುವುದೇ ಇಲ್ಲ. ಇದನ್ನೇ ಡೆಮೊ ಪಾಠ ಮಾಡಿಕೊಳ್ಳಿ: ‘ಹ್ಯಾವ್ ಲಿವ್ಡ್’, ‘ಫಾರ್’ ಮತ್ತು ‘ಸಿನ್ಸ್’, ಗೋಡೆಯ ಮೇಲೆ ಒಂದು ಕಾಲರೇಖೆ. ‘ಬಿಕಮ್’ ಕೂಡ ಇಟ್ಟುಕೊಳ್ಳಿ. ಅವರ ‘ಬೆಕೊಮೆನ್’ ಅಂದರೆ ‘ಸಿಗುವುದು’, ಅದಕ್ಕೇ ಹೋಟೆಲಿನಲ್ಲಿ ‘ಐ ಬಿಕಮ್ ಎ ಸ್ಟೇಕ್’ ಅಂದುಬಿಡುತ್ತಾರೆ. ನಮ್ಮ ಕಡೆಯ ‘ಐ ಹ್ಯಾವ್ ಎ ಡೌಟ್’, ‘ಪ್ರಿಪೋನ್’ ಮಾತ್ರ ಧಾರವಾಡದಲ್ಲೇ ಬಿಟ್ಟು ಹೋಗಿ. ‘ನೇಟಿವ್ ಸ್ಪೀಕರ್’ ಬೇಕೆನ್ನುವ ಜಾಹೀರಾತಿಗೆ ಹೊತ್ತು ಹಾಳು ಮಾಡಬೇಡಿ.

ಹಾವೇರಿ_ಏಲಕ್ಕಿ:
ಕಾಗದಪತ್ರ: ಡಿಗ್ರಿಯ ಪ್ರೊವಿಜನಲ್ (ತಾತ್ಕಾಲಿಕ) ಸರ್ಟಿಫಿಕೇಟ್ ಅಷ್ಟೇ ಇದ್ದರೆ ವಿ.ವಿ. ಇರುವ ಪಾವಟೆ ನಗರಕ್ಕೆ ಹೋಗಿ ಘಟಿಕೋತ್ಸವದ ಸರ್ಟಿಫಿಕೇಟಿಗೆ ಇವತ್ತೇ ಅರ್ಜಿ ಕೊಡಿ. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಪೋರ್ಟಲಿನಲ್ಲಿ ಅರ್ಜಿ, ಫೀ 500 ರೂಪಾಯಿ. ಮಕ್ಕಳ ಕ್ಲಾಸು ಸಿಕ್ಕರೆ ಜರ್ಮನ್ ಪೊಲೀಸ್ ಪತ್ರ ಕೇಳುತ್ತಾರೆ. ಹೊಸದಾಗಿ ಹೋದವರ ಅಲ್ಲಿನ ಪತ್ರದಲ್ಲಿ ಇಲ್ಲಿಯ ವಿಷಯ ಏನೂ ಇರುವುದಿಲ್ಲ, ಆಗ ಇದು ಕೈಗಿರಲಿ.

ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ, ಮದುವೆಯಾದ ಮೇಲೆ ಮತ್ತೊಂದು ಹೆಸರು: ನಮ್ಮ ಕಡೆ ಇದು ಇದ್ದದ್ದೇ. ನೋಂದಣಿ ಕಚೇರಿಯ ಮದುವೆ ಸರ್ಟಿಫಿಕೇಟ್ ಜೊತೆಗೇ ಲಗತ್ತಿಸಿ, ಇಲ್ಲದಿದ್ದರೆ ಡಿಗ್ರಿ ಬೇರೆ ಯಾರದ್ದೋ ಅಂದುಕೊಳ್ಳುತ್ತಾರೆ.