ಮೋಟಾರ್‌ಹೋಮ್‌ನಲ್ಲಿ ಕಾರ್ಕಸೊನ್ ಕೋಟೆಗೆ: ಹೋಗಿಬಂದವರು ತಿಳಿಸಿ

ಸ್ಟುಟ್‌ಗಾರ್ಟ್‌ನಿಂದ ಪ್ರಶ್ನೆ:
ಜುಲೈ ಎರಡನೆಯ ವಾರ ಏಳು ಮೀಟರ್ ಉದ್ದದ ಬಾಡಿಗೆ ಮೋಟಾರ್‌ಹೋಮ್‌ನಲ್ಲಿ ದಕ್ಷಿಣ ಫ್ರಾನ್ಸಿನ ಕಾರ್ಕಸೊನ್‌ಗೆ ಹೊರಟಿದ್ದೇವೆ. ಧಾರವಾಡದಿಂದ ಬರುವ ಅಪ್ಪನಿಗೆ ಮೊಣಕಾಲು ನೋವು. ಗಾಡಿಯನ್ನು ಕೋಟೆಯ ಬಳಿಯೇ ನಿಲ್ಲಿಸುವುದೋ, ದೂರದಲ್ಲಿ ನಿಲ್ಲಿಸಿ ನಡೆಯುವುದೋ?

ಐಂಡ್‌ಹೋವನ್‌ನಿಂದ:
ಮೊದಲು ಫ್ರಾನ್ಸಿನ ಹೆದ್ದಾರಿಯ ಟೋಲ್ ವಿಷಯ ಹೇಳಲೇಬೇಕು. ಎರಡು ಮೀಟರ್‌ಗಿಂತ ಎತ್ತರದ, ಮೂರು ಮೀಟರ್‌ಗಿಂತ ತಗ್ಗಾದ, 3.5 ಟನ್ ಮೀರದ ಗಾಡಿಗೆ ಎರಡನೆಯ ವರ್ಗದ ದರ. ನಮ್ಮದರ ಎತ್ತರ 2.89 ಮೀಟರ್ ಇದ್ದರೂ ಯಂತ್ರ ಮೂರನೆಯ ವರ್ಗವೆಂದು ಎಣಿಸಿತು, ಹಿಂದಿನವರ ಹಾರ್ನ್‌ಗೆ ಅಂಜಿ ಸಹಾಯದ ಗುಂಡಿಯನ್ನೂ ಒತ್ತದೆ ಎರಡು ಸಲ ಹೆಚ್ಚಿನ ಹಣ ಕಟ್ಟಿದೆ. ಕೋಟೆಯ ಕೆಳಗಿನ ಓಣಿಯಲ್ಲಿ ತಿರುಗಿಸುವಾಗ ಕಲ್ಲುಕಂಬ ತಾಗಿ ಬಲಬದಿಗೆ ಮೊಳದುದ್ದ ಗೀರು ಬಿತ್ತು. 1,500 ಯೂರೋ ಠೇವಣಿಯಲ್ಲಿ 1,140 ಮುರಿದುಕೊಂಡರು: ಗೀರಿಗೆ 820, ಮೊದಲೇ ಸಡಿಲವಾಗಿದ್ದ ಮೆಟ್ಟಿಲಿಗೆ 240, ಕಾಗದಪತ್ರದ ಖರ್ಚೆಂದು 80. ಗಾಡಿ ಪಡೆದ ದಿನ ಮೆಟ್ಟಿಲಿನ ಫೋಟೊ ತೆಗೆದಿದ್ದರೆ ಉಳಿಯುತ್ತಿತ್ತೆಂದು ಮನೆಯವರು ಈಗಲೂ ಚುಚ್ಚುತ್ತಾರೆ.

ಲಂಡನ್‌ನಿಂದ:
ತಪ್ಪು ಓಣಿಯದಲ್ಲ, ಅಂಥ ಗಾಡಿಯನ್ನು ಅಲ್ಲಿಗೆ ನುಗ್ಗಿಸಿದವರದು. ನಾವು ಓಡ್ ನದಿಯ ಬದಿಯ ಕ್ಯಾಂಪಿಂಗ್ ತಾಣದಲ್ಲಿ ರಾತ್ರಿಗೆ 38 ಯೂರೋ ಕೊಟ್ಟು ಮೂರು ರಾತ್ರಿ ತಂಗಿದೆವು. ಸಂಜೆ ಹದಿನಾಲ್ಕನೆಯ ಶತಮಾನದ ಹಳೆಯ ಸೇತುವೆಯ ಮೇಲೆ ನಿಂತಾಗ ಗುಡ್ಡದ ಮೇಲಿನ ಜೋಡಿ ಗೋಡೆಗಳೂ ಗೋಪುರಗಳೂ ಒಟ್ಟಿಗೆ ಕಂಡವು. ಗೋಡೆಯ ಬುಡದಲ್ಲಿ ಗಾಡಿ ನಿಲ್ಲಿಸಿದವರಿಗೆ ಆ ನೋಟ ದಕ್ಕದು. ಎರಡನೆಯ ರಾತ್ರಿ ಅಲ್ಲಿಯವರು ಸೆರ್ಸ್ ಎನ್ನುವ ವಾಯವ್ಯದ ಗಾಳಿ ನುಗ್ಗಿ ಗಾಡಿಯ ಬಟ್ಟೆಯ ಚಪ್ಪರ ಹರಿಯಿತು, 310 ಯೂರೋ ಹೋಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಐಂಡ್‌ಹೋವನ್‌ನಿಂದ:
ಮೇಡಂ, ಚಪ್ಪರ ಮಡಚದೆ ಮಲಗಿದವರು ನನಗೆ ಗಾಡಿ ಓಡಿಸುವುದನ್ನು ಕಲಿಸಬೇಕಾಗಿಲ್ಲ. ತಾವು ಸೇತುವೆಯಿಂದ ಮೆಚ್ಚಿದ ಗೋಪುರಗಳ ಚೂಪು ಮಾಡುಗಳನ್ನು 1853ರಲ್ಲಿ ಕೋಟೆಯ ಜೀರ್ಣೋದ್ಧಾರಕ್ಕೆ ಇಳಿದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಕೂರಿಸಿದ್ದು. ಹಂಚಿನ ನಾಡಿಗೆ ಉತ್ತರದ ಸ್ಲೇಟ್ ಕಲ್ಲು ತಂದರೆಂದು ಇವತ್ತಿಗೂ ಬೈಗುಳ ತಿನ್ನುತ್ತಿದ್ದಾರೆ.

ಲಿಯೋನ್‌ನಿಂದ:
ಮಾಡಿನ ಜಗಳ ನಿಮ್ಮದಾಗಲಿ, ನಮ್ಮದು ಹೊಟ್ಟೆಯ ಕಥೆ. ಕಸ್ಸುಲೆ ಎಂಬುದು ಅಲ್ಲಿಯ ಹೆಸರಾಂತ ಹುರುಳಿಕಾಯಿ ಬೀಜದ ಅಡುಗೆಯೆಂದು ಯಾರೋ ಹೇಳಿದ್ದನ್ನು ನಂಬಿ ನಾಲ್ಕು ತಟ್ಟೆ ತರಿಸಿದೆವು. ಅಡಿಯಲ್ಲಿ ಬಾತುಕೋಳಿ, ಹಂದಿಯ ಸಾಸೇಜ್. 92 ಯೂರೋ ತೆತ್ತು ಗಾಡಿಗೆ ಮರಳಿ ಅವಲಕ್ಕಿ ಒಗ್ಗರಣೆ ಹಾಕಿಕೊಂಡೆವು. ಅದು ಜುಲೈ 14, ಫ್ರಾನ್ಸಿನ ರಾಷ್ಟ್ರೀಯ ದಿನ. ಕೋಟೆಯ ಬಾಣಬಿರುಸು ನೋಡಲು ನೆರೆದ ಜನಸಾಗರದಲ್ಲಿ, ನಾರ್ಬೋನ್ ಬಾಗಿಲಿನ ಒಳಗಿನ ಉರುಟುಕಲ್ಲಿನ ಏರು ಹತ್ತಲಾರದೆ ನಮ್ಮ ಅತ್ತೆಯವರು ನಡುದಾರಿಯಲ್ಲೇ ಕುಳಿತುಬಿಟ್ಟಿದ್ದರು.

ಲಂಡನ್‌ನಿಂದ:
ಬೈದವರೆಲ್ಲ ಆ ಮಾಡಿನ ಕೆಳಗೇ ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಡವಿಹಾಕಲು ಬಿಟ್ಟಿದ್ದ ಕೋಟೆ ಅದು. ವಿಯೊಲೆ-ಲ-ದ್ಯುಕ್ ಅವರ ಜೀರ್ಣೋದ್ಧಾರವನ್ನೂ ಎಣಿಸಿಯೇ ಯುನೆಸ್ಕೋ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಚಪ್ಪರವನ್ನು ಮಡಚಿಯೇ ಮಲಗಿದ್ದೆವು. ಅದರ ಕೊಂಡಿ ಕಳಚಿದ್ದು.

ಐಂಡ್‌ಹೋವನ್‌ನಿಂದ:
ಕೊಂಡಿಯ ಫೋಟೊ ತೆಗೆದಿದ್ದಿರೇನು?