ಹಳೆಯ ಮಾರುತಿ 800ರ ಬಾನೆಟ್ ಒಳಗೆ ಸಿಕ್ಕಿರುವ ಈ ಅಲ್ಯೂಮಿನಿಯಂ ಡಬ್ಬಿ ಯಾವುದರದು?

ಹಳೇಗಾಡಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು ಇತ್ತೀಚೆಗೆ 1994ರ ಮಾರುತಿ 800 ಒಂದನ್ನು ಕೊಂಡಿದ್ದೇನೆ. ಹರಿಹರಕ್ಕೆ ಹೋಗಿ ಬರುವಷ್ಟರಲ್ಲಿಯೇ ರೇಡಿಯೇಟರಿನ ನೀರು ಇಳಿದುಹೋಗುತ್ತಿದ್ದುದರಿಂದ, ಹೋಸ್ ಪೈಪುಗಳನ್ನೆಲ್ಲ ಬದಲಿಸುವ ಉದ್ದೇಶದಿಂದ ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ಬಿಚ್ಚಿಸಿದೆ. ಆಗ ಬ್ಯಾಟರಿಯ ಪಕ್ಕದಲ್ಲಿ, ಎಣ್ಣೆ ಮತ್ತು ಧೂಳು ಮೆತ್ತಿಕೊಂಡಿದ್ದ ಒಂದು ದುಂಡನೆಯ ಅಲ್ಯೂಮಿನಿಯಂ ಡಬ್ಬಿ ಕಾಣಿಸಿತು. ಅಂಗೈಯಗಲವಿದೆ, ಎರಡು ಹೋಳುಗಳನ್ನು ಸುತ್ತಲೂ ಸ್ಕ್ರೂ ಹಾಕಿ ಕೂಡಿಸಿದ್ದಾರೆ. ಎಂಜಿನ್ನಿನ ಬಿಸಿನೀರಿನ ಎರಡು ಪೈಪುಗಳು ಅದರೊಳಗೆ ಹೋಗಿ ಬರುತ್ತವೆ. ಇನ್ನೊಂದು ಬದಿಯಲ್ಲಿ ಹಿತ್ತಾಳೆಯ ನಟ್ಟು, ಅದರಿಂದ ಹೊರಟ ಗೇಣುದ್ದದ ತಾಮ್ರದ ಕೊಳವೆಯ ತುದಿಯನ್ನು ಇಕ್ಕಳದಿಂದ ಒತ್ತಿ ಮುಚ್ಚಲಾಗಿದೆ. ಹೆಸರು, ನಂಬರು ಏನೂ ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಮೂರು ಹಂತಗಳ ಒಂದು ಸ್ವಿಚ್ ಕೂಡ ಇದ್ದು, ಅದರ ವೈರುಗಳನ್ನು ಕತ್ತರಿಸಿದ್ದಾರೆ. ಇದು ಕಂಪನಿಯ ಭಾಗವೇ? ತೆಗೆಯಬಹುದೇ?

ಸ್ಟಿಯರಿಂಗ್ ಪ್ರಿಯ:

ಸ್ವಿಚ್ಚಿನ ವಿವರವನ್ನು ನೋಡಿದರೆ ಕಳ್ಳತನ ತಡೆಯಲೆಂದು ಹಾಕಿಸಿದ ಪೆಟ್ರೋಲ್ ಕಟ್-ಆಫ್ ಇರಬಹುದೆನಿಸುತ್ತದೆ. ಹಿಂದೆ ಅನೇಕರು ಇಂತಹ ಗುಪ್ತ ಸ್ವಿಚ್ಚುಗಳನ್ನು ಹಾಕಿಸಿಕೊಳ್ಳುತ್ತಿದ್ದರು.

ದುರ್ಗದ ಪಾನಾ:

ಕಟ್-ಆಫ್ ಆಗಿದ್ದರೆ ಅದಕ್ಕೆ ಬಿಸಿನೀರೇಕೆ ಬೇಕು? ನೀವು ಹೇಳುತ್ತಿರುವುದು ಹಳೆಯ ಗ್ಯಾಸ್ ಕಿಟ್ಟಿನ ವೇಪರೈಸರ್, ಅಂದರೆ ದ್ರವರೂಪದ ಗ್ಯಾಸನ್ನು ಅನಿಲವಾಗಿಸುವ ಡಬ್ಬಿ. ಎಲ್‌ಪಿಜಿ ಸಿಲಿಂಡರಿನೊಳಗೆ ಒತ್ತಡದಲ್ಲಿ ದ್ರವವಾಗಿರುತ್ತದೆ. ಅದು ಅನಿಲವಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ, ಹೊರಗಿನಿಂದ ಬಿಸಿ ಒದಗಿಸದೆ ಹೋದರೆ ಡಬ್ಬಿಯ ಮೈಮೇಲೆ ಹಿಮ ಕಟ್ಟಿ ಗ್ಯಾಸ್ ಸರಿಯಾಗಿ ಬರುವುದಿಲ್ಲ. ನಮ್ಮ ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿಯೂ ಅಷ್ಟೇ. ಮೂರು ಹಂತದ ಸ್ವಿಚ್ಚಿನಲ್ಲಿ ಒಂದು ಪೆಟ್ರೋಲಿಗೆ, ಒಂದು ಗ್ಯಾಸಿಗೆ. ನಡುವಿನದು ಎರಡನ್ನೂ ನಿಲ್ಲಿಸಿ, ಕಾರ್ಬೊರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಉರಿದು ಮುಗಿಯಲೆಂದು ಇರುವುದು.

ಏರ್ ಫಿಲ್ಟರ್ ತೆಗೆದು ನೋಡಿ. ಕಾರ್ಬೊರೇಟರಿನ ಬಾಯಿಯ ಮೇಲೆ ಒಂದು ಬಳೆಯಂತಹ ಭಾಗವಿದ್ದರೆ ಅದೇ ಗ್ಯಾಸನ್ನು ಗಾಳಿಯೊಡನೆ ಬೆರೆಸುವ ಮಿಕ್ಸರ್. ಅದು ಗಾಳಿಯ ದಾರಿಯನ್ನು ಕಿರಿದು ಮಾಡುತ್ತದೆಯಾದ್ದರಿಂದ, ಪೆಟ್ರೋಲಿನಲ್ಲಿ ಓಡಿಸುವಾಗಲೂ ಏರಿನಲ್ಲಿ ಗಾಡಿ ಸೊರಗುತ್ತದೆ. 796 ಸಿಸಿಯ ಎಂಜಿನ್ನಿಗೆ ಅಷ್ಟು ನಷ್ಟವೂ ದೊಡ್ಡದೇ.

ನಿಮ್ಮ ನೀರು ಹೋಗುತ್ತಿರುವುದೂ ಬಹುಶಃ ಇಲ್ಲಿಂದಲೇ. ಡಬ್ಬಿಯೊಳಗೆ ನೀರಿನ ಭಾಗಕ್ಕೂ ಗ್ಯಾಸಿನ ಭಾಗಕ್ಕೂ ನಡುವೆ ಒಂದು ಗ್ಯಾಸ್ಕೆಟ್ ಇರುತ್ತದೆ. ಅದು ಹಳತಾಗಿ ಬಿಟ್ಟುಕೊಂಡರೆ ನೀರು ಗ್ಯಾಸಿನ ಕಡೆಗೆ ಸೇರಿ, ಮಿಕ್ಸರಿಗೆ ಹೋಗುವ ದಪ್ಪ ಪೈಪಿನ ಮೂಲಕ ಎಂಜಿನ್ನಿನೊಳಗೇ ಎಳೆಯಲ್ಪಡುತ್ತದೆ. ಕೆಳಗೆ ಒಂದು ತೊಟ್ಟೂ ಬೀಳದೆ ನೀರು ಮಾಯವಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸುವುದಕ್ಕೆ ಮೊದಲು ಆ ಪೈಪನ್ನು ಕಳಚಿ ಒಳಗೆ ಬೆರಳಾಡಿಸಿ.

ಕಡತದ ಕಡೆಯವನು:

ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಇಂಧನದ ಕಲಂ ಏನೆನ್ನುತ್ತದೆ ಎಂಬುದನ್ನೂ ದಯವಿಟ್ಟು ನೋಡಿ. ವಾಹನಗಳಲ್ಲಿ ಎಲ್‌ಪಿಜಿ ಬಳಸಲು ಕಾನೂನಿನ ಅವಕಾಶ ದೊರೆತದ್ದು 2000ದಲ್ಲಿ. ಅದಕ್ಕೆ ಮೊದಲು, ಮತ್ತು ಕೆಲವರು ಆಮೇಲೆಯೂ, ಅಡುಗೆಮನೆಯ 14.2 ಕಿಲೋ ಸಿಲಿಂಡರನ್ನೇ ಗಾಡಿಯಲ್ಲಿಟ್ಟು ಓಡಿಸುತ್ತಿದ್ದರು. ಅದು ಅಂದೂ ಇಂದೂ ಅಪರಾಧವೇ. ಸಕ್ರಮವಾಗಿ ಹಾಕಿಸಿದ ಕಿಟ್ ಆಗಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ನಮೂದಾಗಿರಬೇಕು, ಮತ್ತು ಈಗ ತೆಗೆಸಿದರೆ ಅದನ್ನೂ ಆರ್‌ಟಿಒ ಕಚೇರಿಯಲ್ಲಿ ಬರೆಸಬೇಕು. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಇದ್ದೇ ಇರುತ್ತದೆ. ದಾಖಲೆಯಲ್ಲಿಲ್ಲದ ಕಿಟ್ಟಿನ ಅವಶೇಷ ತಪಾಸಣೆಯ ಹೊತ್ತಿಗೆ ಸುಮ್ಮನೆ ತಕರಾರು ತರುತ್ತದೆ.

ಹಳೇಗಾಡಿ, ದಾವಣಗೆರೆ:

ಆರ್‌ಸಿಯಲ್ಲಿ ಪೆಟ್ರೋಲ್ ಎಂದು ಮಾತ್ರ ಇದೆ. ಏರ್ ಫಿಲ್ಟರಿನ ಕೆಳಗೆ ಬಳೆ ಇತ್ತು. ದಪ್ಪ ಪೈಪನ್ನು ಕಳಚಿದೊಡನೆ ತುಕ್ಕು ಬಣ್ಣದ ನೀರು ಮೆಕ್ಯಾನಿಕ್‌ನ ಅಂಗೈಗೆ ಸುರಿಯಿತು. ಡಬ್ಬಿ, ಬಳೆ ಎರಡನ್ನೂ ತೆಗೆಸಿದ್ದೇನೆ. ಡಿಕ್ಕಿಯಲ್ಲಿ ಸಿಲಿಂಡರ್ ಇಲ್ಲ, ಆದರೆ ತಾಮ್ರದ ಕೊಳವೆ ಗಾಡಿಯ ತಳದುದ್ದಕ್ಕೂ ಇನ್ನೂ ಇದೆ.

ದುರ್ಗದ ಪಾನಾ:

ಅದನ್ನೂ ತೆಗೆಸಿ, ಆದರೆ ಪೆಟ್ರೋಲ್ ಪೈಪು ಸಮೀಪದಲ್ಲಿಯೇ ಹಾಯ್ದಿರುವುದರಿಂದ ವೆಲ್ಡಿಂಗಿನವರ ಕೈಗೆ ಕೊಡದೆ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಿಸಿ. ಪೆಟ್ರೋಲ್ ಪೈಪಿನ ನಡುವೆ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಉಳಿದಿದ್ದರೆ ಅದನ್ನೂ ತೆಗೆದು ನೇರ ಪೈಪು ಹಾಕಿಸಿ. ಕೊಳವೆಗಾಗಿ ಡಿಕ್ಕಿಯ ತಳದಲ್ಲಿ ಕೊರೆದಿರುವ ತೂತುಗಳಿಗೆ ರಬ್ಬರ್ ಬಿರಡೆ ಹಾಕಿಸುವುದನ್ನು ಮರೆಯಬೇಡಿ, ಇಲ್ಲವಾದರೆ ಸೈಲೆನ್ಸರಿನ ಹೊಗೆ ಒಳಗೆ ಸೇರುತ್ತದೆ.