ಸಹಾಯ ಬೇಕು: ಸಿಎನ್‌ಸಿ ಆಪರೇಟರ್‌ನಿಂದ ಸೆಟ್ಟರ್ ಆಗುವ ದಾರಿ ಯಾವುದು?

ಎಲ್ಲರಿಗೂ ನಮಸ್ಕಾರ. ಐಟಿಐ ಟರ್ನರ್ ಮುಗಿಸಿ ಪೀಣ್ಯದ ಒಂದು ಸಣ್ಣ ಶಾಪ್‌ನಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಟರ್ನಿಂಗ್ ಆಪರೇಟರ್ ಆಗಿದ್ದೇನೆ. ಮೆಷಿನ್‌ನಲ್ಲಿರುವುದು ಫಾನುಕ್ ಕಂಪನಿಯ ಕಂಟ್ರೋಲ್. ಕೆಲಸ ಅಂದರೆ ಜಾಬ್ ಲೋಡ್ ಮಾಡುವುದು, ಸೈಕಲ್ ಸ್ಟಾರ್ಟ್ ಒತ್ತುವುದು, ಮೈಕ್ರೋಮೀಟರ್‌ನಲ್ಲಿ ಸೈಜ್ ನೋಡುವುದು, ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಸವೆದು ಹೊರವ್ಯಾಸ ಜಾಸ್ತಿ ಬಂದರೆ, ಆ ಸವೆತ ಸರಿದೂಗಿಸುವ ವೇರ್ ಆಫ್‌ಸೆಟ್‌ನಲ್ಲಿ ಎಕ್ಸ್‌ಗೆ (ವ್ಯಾಸದ ದಿಕ್ಕಿಗೆ) ಮೈನಸ್ 0.02 ಕೊಡುವುದು. ಅಷ್ಟೇ. ಪ್ರೋಗ್ರಾಂ ತಿದ್ದಲು ಬೇಕಾದ ಎಡಿಟ್ ಕೀ ಸೆಟ್ಟರ್ (ಮೆಷಿನ್‌ಗೆ ಟೂಲ್, ಪ್ರೋಗ್ರಾಂ ಹೊಂದಿಸುವವರು) ಜೇಬಿನಲ್ಲಿರುತ್ತದೆ. ಅವರು ಸಾಫ್ಟ್ ಜಾ (ಜಾಬ್ ಹಿಡಿಯುವ ಮೆದು ಲೋಹದ ಹಿಡಿತ) ಬೋರ್ ಮಾಡುವಾಗ ಪಕ್ಕ ನಿಂತರೆ "ನಿನ್ನ ಮೆಷಿನ್ ನೋಡ್ಕೋ ಹೋಗು" ಅನ್ನುತ್ತಾರೆ (ಅವರಿಗೂ ಪ್ರೊಡಕ್ಷನ್ ಒತ್ತಡ ಇದೆ ಬಿಡಿ).

ಪ್ರೋಗ್ರಾಂನಲ್ಲಿ ಜಿ71 ರಫಿಂಗ್ (ಒರಟು ಕಡಿತ), ಜಿ76 ಥ್ರೆಡಿಂಗ್ ಕೋಡ್ ಬರೆಯುವುದನ್ನು ನಾನೇ ಕಲಿತಿದ್ದೇನೆ, ಮೊಬೈಲ್ ಸಿಮ್ಯುಲೇಟರ್‌ನಲ್ಲಿ ಓಡಿಸಿಯೂ ನೋಡುತ್ತೇನೆ. ಟೇಪರ್, ರೇಡಿಯಸ್ ಬಂದ ಕಡೆ ಜಿ41, ಜಿ42 (ಟೂಲ್ ತುದಿಯ ದುಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕೋಡ್) ಹಾಕುವುದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಅದೂ ಅಲ್ಲದೆ ಸಿಮ್ಯುಲೇಟರ್‌ನಲ್ಲಿ ಚಾಟರ್ (ಟೂಲ್ ಅದುರುವುದು) ಬರುವುದಿಲ್ಲ, ಚಿಪ್ ಸುತ್ತಿಕೊಳ್ಳುವುದಿಲ್ಲ ಅಲ್ವಾ, ಸೆಟ್ಟರ್‌ಗೆ ಬೇಕಾಗಿರುವುದೇ ಆ ಅನುಭವ.

ಈಗ ಮುಂದೆ ಎರಡು ದಾರಿ ಕಾಣುತ್ತಿದೆ. ಕೆಲಸ ಬಿಟ್ಟು ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಸಿಎನ್‌ಸಿ ಪ್ರೋಗ್ರಾಮಿಂಗ್ ಶಾರ್ಟ್ ಟರ್ಮ್ ಕೋರ್ಸ್ ಮಾಡುವುದು, ಇಲ್ಲವೇ ಸಂಬಳ ಕಡಿಮೆಯಾದರೂ ಟೂಲ್ ರೂಮ್ (ಅಚ್ಚು, ಡೈ ತಯಾರಿಸುವ ವಿಭಾಗ) ಇರುವ ಕಡೆ ವಿಎಂಸಿಗೆ (ಸಿಎನ್‌ಸಿ ಮಿಲ್ಲಿಂಗ್ ಮೆಷಿನ್) ಹೆಲ್ಪರ್ ಆಗಿ ಸೇರುವುದು. ಮನೆಗೆ ತಿಂಗಳು ತಿಂಗಳು ದುಡ್ಡು ಕಳಿಸಲೇಬೇಕು, ಹಾಗಾಗಿ ಪೂರ್ತಿ ಕೆಲಸ ಬಿಡಲು ಭಯ. ಸಂಜೆ ಅಥವಾ ಭಾನುವಾರ ನಿಜವಾದ ಮೆಷಿನ್ ಮೇಲೆ ಕಲಿಸುವ ಕಡೆ ಪೀಣ್ಯ, ರಾಜಾಜಿನಗರ ಸುತ್ತ ಇದೆಯಾ? ಸುಮ್ನೆ ಸರ್ಟಿಫಿಕೇಟ್ ಕೊಡುವ ಜಾಗ ಬೇಡ. ಸೆಟ್ಟರ್ ಇಂಟರ್‌ವ್ಯೂನಲ್ಲಿ ಡ್ರಾಯಿಂಗ್ ಕೊಟ್ಟು ಏನೇನು ಕೇಳುತ್ತಾರೆ ಅಂತಲೂ ಗೊತ್ತಿದ್ದವರು ಹೇಳಿ.